ಕಣ್ಣಲ್ಲೇ ಕೇಳಿಸಿಕೊಳ್ಳುತ್ತಿದ್ದ ಬಾಲಣ್ಣ

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ ಹಳೇ ಕನ್ನಡ ಸಿನಿಮಾಗಳ ನಟ ಟಿ. ಎನ್. ಬಾಲಕೃಷ್ಣ ಅವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಅಷ್ಟಕ್ಕೇ ಪತ್ರಗಳ ರಾಶಿ ಬಿದ್ದಿದೆ. ಹೀರೋಗಳ ಬಗ್ಗೆ ಬರೆದರೂ ಇಷ್ಟು ಬರುವುದಿಲ್ಲ ಬಿಡಿ. ಹಾಗಾಗಿ ಈ ಸಲ ಪೂರ್ತಿ ಬಾಲಣ್ಣನಿಗೇ.

ಪ್ರ: ಸಾರ್, ಬಾಲಕೃಷ್ಣ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ ಅಂತ ನಮ್ಮ ತಾತ ಹೇಳುತ್ತಾರೆ. ಕಿವಿ ಕೇಳಿಸದೆ ಡೈಲಾಗ್ ಹೇಗೆ ಹೇಳೋಕಾಗತ್ತೆ? ಸುಮ್ನೆ ಬಿಡ್ತಿದ್ದಾರೆ ಅಲ್ವಾ?
– ಒಬ್ಬ ಓದುಗ, ಹನುಮಂತನಗರ

ಉ: ತಾತನ ಹತ್ತಿರ ಕ್ಷಮೆ ಕೇಳಿಬಿಡಿ. ಅವರು ಹೇಳಿದ್ದು ನಿಜ. ಬಾಲಕೃಷ್ಣ ಅವರಿಗೆ ಕಿವಿ ಮಂದ. ಎದುರಿಗಿದ್ದವರ ತುಟಿ ಆಡುವುದನ್ನು ನೋಡಿಕೊಂಡೇ ತಮ್ಮ ಮಾತು ಯಾವಾಗ ಶುರು ಮಾಡಬೇಕು ಅಂತ ಅಂದಾಜು ಮಾಡುತ್ತಿದ್ದರು. ಕೇಳೋಕೆ ಸುಲಭ. ಆದರೆ ಆಗಿನ ಶೂಟಿಂಗ್ ಹೇಗಿತ್ತು ಅಂತ ನೆನಪಿಸಿಕೊಳ್ಳಿ. ಆಗ ಮದರಾಸಿನ ಸ್ಟುಡಿಯೋಗಳಲ್ಲಿ ಕ್ಯಾಮೆರಾ ಓಡುವಾಗಲೇ ಮಾತನ್ನೂ ರೆಕಾರ್ಡ್ ಮಾಡಿಬಿಡುವುದೇ ರೂಢಿ, ಈಗಿನ ಹಾಗೆ ಆಮೇಲೆ ತಣ್ಣಗೆ ಕೂತು ಡಬ್ಬಿಂಗ್‌ನಲ್ಲಿ ಸರಿ ಮಾಡಿಕೊಳ್ಳುತ್ತೇನೆ ಅನ್ನುವ ಹಾಗಿರಲಿಲ್ಲ, ಒಬ್ಬರು ಒಂದು ಕ್ಷಣ ತಡವರಿಸಿದರೂ ಮತ್ತೆ ಮೊದಲಿಂದ, ಫಿಲಂ ಬೇರೆ ದುಬಾರಿ. ಅಂಥ ಜಾಗದಲ್ಲಿ ಕಿವಿ ಕೇಳಿಸದವರೊಬ್ಬರು ಹತ್ತಾರು ವರ್ಷ ದುಡಿದರು. ಮಾಡಿದ ಚಿತ್ರಗಳ ಲೆಕ್ಕ 560 ದಾಟುತ್ತದೆ ಅನ್ನುತ್ತಾರೆ.

ಅವರು ನಾಟಕ ಕಂಪನಿಯಿಂದ ಬಂದವರು. ಅಲ್ಲಿ ಮಾತು ಮರೆತರೆ ಸೈಡ್‌ವಿಂಗಿನಿಂದ ಯಾರಾದರೂ ಹೇಳಿಕೊಡುತ್ತಾರೆ. ಇವರಿಗೆ ಅದು ಕೇಳಿಸಬೇಕಲ್ಲ! ಹಾಗಾಗಿ ತಮ್ಮದಷ್ಟೇ ಅಲ್ಲ, ಎದುರಿನವರ ಮಾತೂ ಬಾಯಿಗೆ ಬರಬೇಕಿತ್ತು ಅಂತ ನನ್ನ ಊಹೆ. ಬೇರೆಯವರಿಗೆ ಮರೆಯುವ ಸವಲತ್ತು ಇತ್ತು, ಇವರಿಗೆ ಇರಲಿಲ್ಲ.

ನಿಮಗೆ ಅನುಮಾನ ಇದ್ದರೆ ಒಂದು ಕೆಲಸ ಮಾಡಿ. ಅವರ ಯಾವುದಾದರೂ ಹಳೇ ಸಿನಿಮಾ ಹಾಕಿ ಸೌಂಡ್ ಪೂರ್ತಿ ಕಡಿಮೆ ಮಾಡಿ. ಹೀರೋನ ಬಿಟ್ಟು ಬಾಲಕೃಷ್ಣರ ಕಣ್ಣು ಮಾತ್ರ ನೋಡಿ. ಬೇರೆಯವರ ಮಾತು ನಡೆಯುವಾಗ ಆ ಕಣ್ಣು ಅತ್ತಿತ್ತ ಹೋಗುವುದಿಲ್ಲ, ಎದುರಿನವರ ಮುಖಕ್ಕೆ ಅಂಟಿಕೊಂಡಿರುತ್ತದೆ. ನಾವು ಇಷ್ಟು ದಿನ ಅದನ್ನು ಕುತಂತ್ರಿಯ ನೋಟ ಅಂದುಕೊಂಡಿದ್ದೆವು. ‘ಏನೋ ಮಸಲತ್ತು ಮಾಡ್ತಿದ್ದಾನೆ ನೋಡು’ ಅಂತ. ಪಾಪ, ಅವರು ಕೇಳಿಸಿಕೊಳ್ಳುತ್ತಿದ್ದರು ಅಷ್ಟೇ.

ಪ್ರ: ಅವರ ಊರು ಯಾವುದು? ಮೊದಲ ಚಿತ್ರ?
– ಓದುಗಿ, ಮಲ್ಲೇಶ್ವರ

ಉ: ಅರಸೀಕೆರೆ. ಮೊದಲ ಚಿತ್ರ 1943ರ ‘ರಾಧಾರಮಣ’. ಅದೇ ಚಿತ್ರದಲ್ಲಿ, ಮುಂದೆ ನಿರ್ದೇಶಕರಾದ ಜಿ. ವಿ. ಅಯ್ಯರ್ ಕೂಡ ಮೊದಲ ಸಲ ಬಣ್ಣ ಹಚ್ಚಿದ್ದರು. ಇಬ್ಬರ ಸ್ನೇಹ ಮುಂದೆ ಬಹಳ ಕೆಲಸಕ್ಕೆ ಬಂತು, ಅದನ್ನು ಕೆಳಗೆ ಹೇಳುತ್ತೇನೆ.

ಪ್ರ: ಬಾಲಕೃಷ್ಣ ಖಳನಟರೋ ಹಾಸ್ಯನಟರೋ? ನಮ್ಮ ಮನೆಯಲ್ಲಿ ಇದೇ ವಾದ.
– ಓದುಗರು, ಯಶವಂತಪುರ

ಉ: ವಾದ ಮುಂದುವರಿಸಿ, ಇಬ್ಬರೂ ಗೆಲ್ಲುತ್ತೀರಿ! ಅವರು ಕತ್ತಿ ಹಿರಿದು ನಿಲ್ಲುವ ಖಳ ಅಲ್ಲ. ಮದುವೆ ಮುರಿಯುವವನು, ಅಣ್ಣ ತಮ್ಮಂದಿರ ಮಧ್ಯೆ ಕಡ್ಡಿ ಆಡಿಸುವವನು, ಜಿಪುಣ ಸಾಹುಕಾರ, ಉಂಡ ಮನೆಯ ಜಂತಿ ಎಣಿಸುವ ನೆಂಟ. ಇಂಥವರು ನಮ್ಮ ನಿಮ್ಮ ಬೀದಿಯಲ್ಲೇ ಇರುತ್ತಾರೆ. ಅದಕ್ಕೇ ಅವರನ್ನು ನೋಡಿದರೆ ಭಯ ಆಗುತ್ತಿರಲಿಲ್ಲ, ಮೈ ಉರಿಯುತ್ತಿತ್ತು. ಉರಿಯುತ್ತಿರುವಾಗಲೇ ನಗುವೂ ಬಂದುಬಿಡುತ್ತಿತ್ತು.

ನಮ್ಮದು ವಠಾರದ ಮನೆ. ಇಡೀ ವಠಾರಕ್ಕೆ ಒಂದೇ ಟೀವಿ, ದೂರದರ್ಶನದಲ್ಲಿ ಕನ್ನಡ ಸಿನಿಮಾ ಇದೆ ಅಂದರೆ ಚಾಪೆ ಹಿಡಿದುಕೊಂಡು ಎಲ್ಲರೂ ಹಾಜರ್. ನಮ್ಮಜ್ಜಿಗೂ ಕಿವಿ ಸ್ವಲ್ಪ ಮಂದ. ರಾಜ್‌ಕುಮಾರ್ ಮಾತಾಡಿದರೂ ‘ಏನಂದ? ಏನಂದ?’ ಅಂತ ನನ್ನ ತೋಳು ಹಿಡಿದು ಜಗ್ಗುತ್ತಿದ್ದರು. ಬಾಲಕೃಷ್ಣ ಬಂದಾಗ ಮಾತ್ರ ಕೇಳುತ್ತಿರಲಿಲ್ಲ. ‘ಬಂದ ನೋಡು ಹಾಳಾದೋನು, ಮನೆ ಹಾಳು ಮಾಡೋಕೆ’ ಅಂತ ಬೈದು, ಆಮೇಲೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗೋರು. ಆ ಎಳೆದು ಎಳೆದು ಆಡುವ ಮಾತು, ಒಂದೊಂದು ಪದಕ್ಕೂ ಹುಬ್ಬು, ತಲೆ, ಬೆರಳು ಎಲ್ಲಾ ಜೊತೆಗೂಡುವ ರೀತಿ. ಅಜ್ಜಿಗೆ ಸಬ್‌ಟೈಟಲ್ ಇದ್ದ ಹಾಗೆ. ಅವರಿಗೂ ಕಿವಿ ಕೇಳಿಸುತ್ತಿರಲಿಲ್ಲ ಅನ್ನುವುದು ಅಜ್ಜಿಗೆ ಕೊನೆವರೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಿದ್ದು ಬಹಳ ತಡವಾಗಿ.

ಪ್ರ: ನರಸಿಂಹರಾಜು, ಬಾಲಕೃಷ್ಣ. ಇಬ್ಬರಲ್ಲಿ ಯಾರು ದೊಡ್ಡವರು?
– ಓದುಗ, ಚಾಮರಾಜಪೇಟೆ

ಉ: ಊಟಕ್ಕೆ ಸಾರು ಮುಖ್ಯಾನಾ ಅನ್ನ ಮುಖ್ಯಾನಾ? ನರಸಿಂಹರಾಜು ಪರದೆ ಮೇಲೆ ಬಂದ ಕೂಡಲೇ ನಗು ಬರುತ್ತೆ, ಬಾಲಕೃಷ್ಣ ಹೋದ ಮೇಲೆ ನಗು ಬರುತ್ತೆ.

ಪ್ರ: ಇವರೆಲ್ಲ ಸೇರಿ ನಾಟಕ ಆಡಿ ದುಡ್ಡು ಕೂಡಿಸಿ ಸಿನಿಮಾ ಮಾಡಿದ್ದರಂತೆ ಹೌದಾ?
– ಓದುಗರು, ರಾಜಾಜಿನಗರ

ಉ: ಹೌದು. ಅದೇ ‘ರಣಧೀರ ಕಂಠೀರವ’, 1960. ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳಿಗೆ ದುಡ್ಡು ಹಾಕುವವರೇ ಕಡಿಮೆ, ಕಲಾವಿದರಿಗೆ ಕೈಯಲ್ಲಿ ಕೆಲಸ ಇಲ್ಲ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ನಾಲ್ಕೂ ಜನ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರು ಸುತ್ತಿ ನಾಟಕ ಆಡಿದರು. ಆಮೇಲೆ ತಾವೇ ನಿರ್ಮಾಪಕರಾದರು. ನಿರ್ದೇಶನ ಎನ್. ಸಿ. ರಾಜನ್. ಆಗಲೇ ಸಿನಿಮಾದಲ್ಲಿ ಹೆಸರು ಮಾಡಿದವರು ಮತ್ತೆ ನಾಟಕದ ಪೆಟ್ಟಿಗೆ ಕಟ್ಟಿಕೊಂಡು ಊರೂರು ಅಲೆಯಬೇಕು ಅಂದರೆ ಯಾರು ಒಪ್ಪುತ್ತಾರೆ ಹೇಳಿ. ಇವರು ಒಪ್ಪಿದರು.

ಪ್ರ: ಕೆಂಗೇರಿ ಹತ್ತಿರದ ಅಭಿಮಾನ್ ಸ್ಟುಡಿಯೋ ಇವರದ್ದೇನಾ? ಅಲ್ಲಿ ಈಗ ಏನಿದೆ?
– ಓದುಗಿ, ರಾಜರಾಜೇಶ್ವರಿ ನಗರ

ಉ: ಇವರದ್ದೇ. ಕನ್ನಡ ಸಿನಿಮಾದವರು ಎಲ್ಲದಕ್ಕೂ ಮದರಾಸಿಗೆ ಓಡಬೇಕಿದ್ದ ಕಾಲ. ನಮ್ಮೂರಲ್ಲೇ ಸ್ಟುಡಿಯೋ ಬೇಕು ಅಂತ ಹಟ ಹಿಡಿದವರಲ್ಲಿ ಬಾಲಣ್ಣ ಒಬ್ಬರು. ಉತ್ತರಹಳ್ಳಿ–ಕೆಂಗೇರಿ ರಸ್ತೆಯ ಮೈಲಸಂದ್ರದಲ್ಲಿ ಸರ್ಕಾರ 20 ಎಕರೆ ಜಾಗ ಕೊಟ್ಟಿತು. ಆಗ ಅದು ಊರಾಚೆ. ಸ್ಟುಡಿಯೋ ನಡೆಸುವುದು ಅಂದರೆ ಬಿಳಿ ಆನೆ ಸಾಕಿದ ಹಾಗೆ. ಅಲ್ಲಿಂದ ಇಲ್ಲಿಂದ ಸಂಪಾದಿಸಿದ್ದೆಲ್ಲ ಅದಕ್ಕೇ ಸುರಿದರು. ಪೋಷಕ ನಟನ ಸಂಭಾವನೆ ಎಷ್ಟಿರುತ್ತೆ? ಹೀರೋನಷ್ಟಂತೂ ಅಲ್ಲ. ಅವರ ಕನಸಿನಲ್ಲಿದ್ದ ಹಾಗೆ ಅದು ಬೆಳೆಯಲೇ ಇಲ್ಲ. 1995ರ ಜುಲೈ 19ರಂದು ಅವರು ತೀರಿಕೊಂಡಾಗ ವಯಸ್ಸು ಎಂಬತ್ತು ದಾಟಿತ್ತು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಾಗ ಅಂತ್ಯಕ್ರಿಯೆ ಆಗಿದ್ದು ಇದೇ ಜಾಗದಲ್ಲಿ. ಅಲ್ಲಿಂದ ಅಭಿಮಾನ್ ಅಂದರೆ ವಿಷ್ಣು ಅಂತಾಯಿತು. ಆಮೇಲೆ ಜಾಗದ ತಗಾದೆ, ಕೋರ್ಟು ಕಚೇರಿ. ಕೊನೆಗೆ ಸರ್ಕಾರದ ಸ್ಮಾರಕ 2023ರಲ್ಲಿ ಮೈಸೂರಿನಲ್ಲಿ ಎದ್ದಿತು. 2025ರ ಆಗಸ್ಟ್‌ನಲ್ಲಿ ಇಲ್ಲಿದ್ದ ಸಮಾಧಿಯನ್ನು ಕೆಡವಿದಾಗ ಅಭಿಮಾನಿಗಳು ಎಷ್ಟು ನೊಂದರು ಅಂತ ನೀವೆಲ್ಲ ಟೀವಿಯಲ್ಲಿ ನೋಡಿದ್ದೀರಿ. ಈ ಜಾಗ ಅರಣ್ಯಕ್ಕೆ ಸೇರಿದ್ದು ಅನ್ನುವ ಮಾತೂ ಎದ್ದಿತು. ‘ಗಂಧದ ಗುಡಿ’ಯಲ್ಲಿ ನಟಿಸಿದವರ ಸ್ಟುಡಿಯೋ ಜಾಗ ಕಾಡಿನ ಲೆಕ್ಕಕ್ಕೆ ಬಂದು ನಿಂತಿತಲ್ಲ, ಬಾಲಣ್ಣ ಇದ್ದಿದ್ದರೆ ಇದಕ್ಕೂ ಒಂದು ಹುಬ್ಬು ಹಾರಿಸುತ್ತಿದ್ದರೇನೋ.

ಕೆಲವು ವರ್ಷದ ಹಿಂದೆ ಆ ಕಡೆ ಹೋಗಿದ್ದೆ. ಕೆಂಗೇರಿಯಲ್ಲಿ ಮೆಟ್ರೋ ಇಳಿದು ಆಟೋದವರಿಗೆ ‘ಬಾಲಕೃಷ್ಣ ಅವರ ಸ್ಟುಡಿಯೋ’ ಅಂದೆ. ‘ಯಾವ ಬಾಲಕೃಷ್ಣ ಸಾರ್, ಎಮ್ಮೆಲ್ಲೆನಾ?’ ಅಂದರು. ‘ವಿಷ್ಣು ಸಮಾಧಿ’ ಅಂದೆ. ‘ಹಂಗೆ ಹೇಳಿ ಮತ್ತೆ, ಕೂತ್ಕಳಿ’ ಅಂದು ಹೊರಟೇಬಿಟ್ಟರು. ದಾರಿಯಲ್ಲಿ ಫೋನಿನಲ್ಲಿ ಬಾಲಣ್ಣನ ಫೋಟೋ ತೋರಿಸಿದೆ. ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಿ ಒಂದು ನಿಮಿಷ ನೋಡಿದವರು, ‘ಅಯ್ಯೋ, ಇವರಾ! ಇವರನ್ನ ನೋಡಿದ್ರೆ ನಮ್ಮಮ್ಮ ಶಾಪ ಹಾಕ್ತಿದ್ರು ಸಾರ್’ ಅಂತ ಜೋರಾಗಿ ನಕ್ಕರು.

ಪ್ರ: ನನಗೆ ವಯಸ್ಸು 22. ಬಾಲಕೃಷ್ಣ ಅವರದ್ದು ಒಂದೇ ಒಂದು ಸಿನಿಮಾ ನೋಡಬೇಕು ಅಂದರೆ ಯಾವುದು?
– ಓದುಗ, ವೈಟ್‌ಫೀಲ್ಡ್

ಉ: ‘ಬಂಗಾರದ ಮನುಷ್ಯ’, 1972, ಸಿದ್ದಲಿಂಗಯ್ಯ ನಿರ್ದೇಶನ. ಕೆ.ಜಿ. ರೋಡಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಅಂತ ಈಗಲೂ ಹೇಳುತ್ತಾರಲ್ಲ, ಅದೇ. ಇದರಲ್ಲಿ ಅವರು ರಾಚೂಟಪ್ಪ. ಬೇಕಂತಲೇ ಇದನ್ನು ಹೇಳುತ್ತಿದ್ದೇನೆ, ಯಾಕೆಂದರೆ ಇಲ್ಲಿ ಅವರು ಕೆಟ್ಟವರಲ್ಲ, ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ಹಿರಿಯ. ನೋಡುವವರಿಗೆ ಮೊದಮೊದಲು ನಂಬಿಕೆಯೇ ಬರುವುದಿಲ್ಲ. ‘ಇವನು ಎಲ್ಲಿ ಕೈ ಕೊಡ್ತಾನೋ’ ಅಂತ ಕಾಯುತ್ತಾ ಕೂರುತ್ತೇವೆ. ಕೊಡುವುದೇ ಇಲ್ಲ! ಅದೇ ಕಣ್ಣು, ಅದೇ ಎಳೆದಾಡುವ ಮಾತು, ಆದರೆ ಇಲ್ಲಿ ಅದೆಲ್ಲ ಅಕ್ಕರೆ. ಇದು ಮುಗಿದ ಮೇಲೆ ಕಡ್ಡಿ ಆಡಿಸುವ ಬಾಲಕೃಷ್ಣರ ಸಿನಿಮಾ ಹುಡುಕಿ ನೋಡಿ.

ಪ್ರ: ಬರೀ ಬಾಲಕೃಷ್ಣ ಬಾಲಕೃಷ್ಣ ಅಂತೀರಲ್ಲ, ಅಶ್ವತ್ಥ್ ಅವರ ಬಗ್ಗೆ ಯಾವಾಗ?
– ಓದುಗಿ, ಜಯನಗರ

ಉ: ಸಿಟ್ಟಾಗಬೇಡಿ ಅಮ್ಮಾ. ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರನ್ನು ಅರ್ಧ ಪುಟದಲ್ಲಿ ಮುಗಿಸಿದರೆ ನೀವೇ ಬೆತ್ತ ಹಿಡಿದು ಬರುತ್ತೀರಿ. ಮುಂದಿನ ಸಂಚಿಕೆ ಅವರದ್ದೇ, ಪ್ರಶ್ನೆ ಕಳಿಸಿ.