ಹಳೆಯ ಬೊಲೆರೊ ಪಿಕಪ್‌ಗೆ ಕಾರ್ಪೆಟ್ ಹಾಕಿಸಿದರೆ ಒಳಗಿನ ಶಬ್ದ ಕಡಿಮೆಯಾಗುತ್ತಾ?

ಹದಿನೈದು ವರ್ಷ ಹಳೆಯ ಸಿಂಗಲ್ ಕ್ಯಾಬ್ ಬೊಲೆರೊ ಪಿಕಪ್, ನೆಲಕ್ಕೆ ಬರೀ ರಬ್ಬರ್ ಮ್ಯಾಟ್, ಎಪ್ಪತ್ತು ದಾಟಿದರೆ ಪಕ್ಕದವರ ಮಾತೇ ಕೇಳಲ್ಲ, ಕಾರ್ಪೆಟ್ ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ಬರೀ ಕಾರ್ಪೆಟ್‌ನಿಂದ ಆಗಲ್ಲ. ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್ 2,400 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 80 ಸಲ ಫೈರ್ ಆಗುತ್ತದೆ. ಆ 80 ಹರ್ಟ್ಸ್‌ನ ಗುಂಯ್ ಅನ್ನುವ ಸದ್ದಿಗೆ 10 ಮಿ.ಮೀ. ಕಾರ್ಪೆಟ್ ಲೆಕ್ಕಕ್ಕೇ ಇಲ್ಲ. ಟೈರಿನ ಸುಯ್ ಶಬ್ದ, ಗಾಳಿ ಸದ್ದು ಅಷ್ಟಿಷ್ಟು ಇಳಿಯಬಹುದು.

ಹಾಗಾಗಿ ದುಡ್ಡು ಬಿಚ್ಚುವ ಮೊದಲು ತೂತು ಹುಡುಕಿ. ರಾತ್ರಿ ಬಾನೆಟ್ ಎತ್ತಿ ಒಬ್ಬರು ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್ ಮೇಲೆ ಟಾರ್ಚ್ ಆಡಿಸಲಿ, ನೀವು ಕ್ಯಾಬಿನ್ ಒಳಗೆ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ನೋಡಿ. ಬೆಳಕು ಬಂದಲ್ಲೆಲ್ಲ ಶಬ್ದವೂ ಬರುತ್ತದೆ. ಫೈರ್‌ವಾಲ್‌ನ ನೂರರಲ್ಲೊಂದು ಭಾಗ ತೆರೆದಿದ್ದರೂ ಸಾಕು, ಉಳಿದ ಭಾಗಕ್ಕೆ ಎಷ್ಟೇ ದಪ್ಪ ಹೊದಿಸಿ, ಒಟ್ಟಾರೆ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾಗದು. ವೈರಿಂಗ್ ಹಾರ್ನೆಸ್ ಮತ್ತು ಕೇಬಲ್‌ಗಳ ಗ್ರಾಮೆಟ್ (ತೂತಿನ ರಬ್ಬರ್ ಬಳೆ), ಸ್ಟೀರಿಂಗ್ ಕಾಲಂ ಬೂಟ್ (ರಬ್ಬರ್ ಮುಸುಕು), ಗೇರ್ ಲಿವರ್ ಬೂಟ್: ಹಳೆ ಗಾಡಿಯಲ್ಲಿ ಇವುಗಳಲ್ಲಿ ಒಂದಾದರೂ ಹರಿದಿರುತ್ತದೆ. ಜೊತೆಗೆ ಇಂಜಿನ್ ಮೌಂಟ್ (ಇಂಜಿನ್ ಕೂರುವ ರಬ್ಬರ್ ಆಧಾರ), ಸೈಲೆನ್ಸರ್ ಜಾಯಿಂಟ್, ಬಾಗಿಲ ರಬ್ಬರ್ ನೋಡಿಸಿ. ಕುಸಿದ ಮೌಂಟ್‌ನಿಂದ ಬರುವ ಅದುರುವಿಕೆ ಯಾವ ಶೀಟ್ ಅಂಟಿಸಿದರೂ ನಿಲ್ಲಲ್ಲ.

ಎರಡನೆಯದು ನೀರು. ಇದನ್ನು ಬಿಟ್ಟು ಕಾರ್ಪೆಟ್ ಹಾಕಿಸಿದವರ ಫ್ಲೋರ್ ಎರಡು ಮಳೆಗಾಲದಲ್ಲಿ ತೂತಾಗುತ್ತದೆ, ಮಲೆನಾಡು ಕರಾವಳಿಯಲ್ಲಂತೂ ಕೇಳುವುದೇ ಬೇಡ. ಬ್ಯಾಟರಿಯ ನೆಗೆಟಿವ್ ತೆಗೆದು, ಸೀಟು, ಬೆಲ್ಟ್‌ನ ಕೆಳಗಿನ ಬೋಲ್ಟ್, ಬಾಗಿಲ ಪಟ್ಟಿ, ಮ್ಯಾಟ್ ಎಲ್ಲ ಬಿಚ್ಚಿ. ವಿಂಡ್‌ಶೀಲ್ಡ್ ಮೇಲೆ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟು ಒಳಗೆ ಎಲ್ಲಿ ಜಿನುಗುತ್ತದೆ ನೋಡಿ. ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಹರಡದಂತೆ ತಡೆಯುವ ರಸ್ಟ್ ಕನ್ವರ್ಟರ್ ಹಚ್ಚಿ, ಎಪಾಕ್ಸಿ ಪ್ರೈಮರ್ ಬಳಿದು ಒಂದು ದಿನ ಒಣಗಲು ಬಿಡಿ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವ ಜಾಗವಿದ್ದರೆ ಅಲ್ಲಿಗೆ ವೆಲ್ಡಿಂಗೇ ಗತಿ. ಅದರ ಮೇಲೆ ಶೀಟ್ ಅಂಟಿಸಿ ಮುಚ್ಚಬೇಡಿ.

ಈಗ ಡ್ಯಾಂಪಿಂಗ್, ಅಂದರೆ ತಗಡಿನ ಅದುರುವಿಕೆ ತಗ್ಗಿಸುವುದು. 2 ಮಿ.ಮೀ. ಬ್ಯೂಟೈಲ್ ಶೀಟ್ (ಅಂಟು ರಬ್ಬರ್ ಹಾಳೆ), ಮೇಲೆ ಅಲ್ಯುಮಿನಿಯಂ ಫಾಯಿಲ್ ಇರುವುದು ತಗೊಳ್ಳಿ. ಟಾರ್ ಶೀಟ್ ಅಗ್ಗ ಅಂತ ತರಬೇಡಿ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಅದು ಮೆತ್ತಗಾಗಿ ಜಾರುತ್ತದೆ, ವಾಸನೆಯೂ ಹೋಗಲ್ಲ. ಬ್ಯೂಟೈಲ್ ಶಬ್ದಕ್ಕೆ ಅಡ್ಡಗೋಡೆಯಲ್ಲ. ಬಾರಿಸುತ್ತಿರುವ ತಮಟೆಯ ಮೇಲೆ ಅಂಗೈ ಇಟ್ಟ ಹಾಗೆ ತಗಡಿನ ಕಂಪನ ನಿಲ್ಲಿಸುವುದಷ್ಟೇ ಅದರ ಕೆಲಸ. ಅದಕ್ಕೇ ಪೂರ್ತಿ ಮುಚ್ಚುವ ಅಗತ್ಯವಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಠಣ್ ಅನ್ನುವ ಚಪ್ಪಟೆ ಜಾಗದ ಮಧ್ಯದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಅಂಟಿಸಿದರೆ ಠಪ್ ಅನ್ನುತ್ತದೆ. ನೆಲ, ಫೈರ್‌ವಾಲ್, ಸೀಟಿನ ಹಿಂದಿನ ಗೋಡೆ, ಬಾಗಿಲು, ರೂಫ್ ಸೇರಿ ಸುಮಾರು 2 ಚದರ ಮೀಟರ್ ಸಾಕು. ಅಂಗಡಿಯವರು ಅದರ ಮೂರು ಪಟ್ಟು ಹೇಳುತ್ತಾರೆ, ಅದು ಅವರ ವ್ಯಾಪಾರ.

ಅಂಟಿಸುವ ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಸೀಮೆಎಣ್ಣೆ ಬೇಡ, ಅದರ ಜಿಡ್ಡು ಉಳಿದು ಶೀಟ್ ಎದ್ದುಬರುತ್ತದೆ. ರೋಲರ್‌ನಿಂದ ಫಾಯಿಲ್ ಮೇಲಿನ ಅಚ್ಚು ಅಳಿಸಿಹೋಗುವವರೆಗೂ ಒತ್ತಿ. ಒಳಗೆ ಗಾಳಿ ಗುಳ್ಳೆ ಉಳಿದ ಕಡೆ ಅದು ಕೆಲಸ ಮಾಡಲ್ಲ. ನೆಲದ ಡ್ರೈನ್ ಪ್ಲಗ್, ಸೀಟ್ ಬೋಲ್ಟ್ ತೂತು, ಬಾಗಿಲ ತಳದ ನೀರಿನ ಕಿಂಡಿ ಮುಚ್ಚಬೇಡಿ.

ಅದರ ಮೇಲೆ 6 ಮಿ.ಮೀ. ಕ್ಲೋಸ್ಡ್ ಸೆಲ್ ಫೋಮ್ (ನೀರು ಹೀರದ ಫೋಮ್), ಅಂಚಿಗೆ ಅಂಚು ಕೂರಿಸಿ ಟೇಪ್. ಸೆಣಬಿನ ಫೆಲ್ಟ್ ಅಥವಾ ಸೋಫಾ ಸ್ಪಂಜ್ ಹಾಕಿದರೆ ನೀರು ಕುಡಿದು ಹಾಗೇ ಇರುತ್ತದೆ. ಇಂಜಿನ್ ಸದ್ದನ್ನು ನಿಜವಾಗಿ ತಡೆಯುವುದು ತೂಕ: ಫೈರ್‌ವಾಲ್ ಮತ್ತು ಕಾಲಿಡುವ ಜಾಗಕ್ಕೆ, ಚದರ ಮೀಟರ್‌ಗೆ 5 ಕೆ.ಜಿ. ತೂಗುವ ಮಾಸ್ ಲೋಡೆಡ್ ವಿನೈಲ್ (ಭಾರ ತುಂಬಿದ ಬಾಗುವ ಹಾಳೆ) ಅನ್ನು ಫೋಮ್ ಮೇಲೆ ಸುಮ್ಮನೆ ಹಾಸಿ. ತಗಡಿಗೆ ನೇರ ಅಂಟಿಸಿದರೆ ಅದೂ ತಗಡಿನ ಜೊತೆ ಅದುರುತ್ತದೆ.

ಕಾರ್ಪೆಟ್ ರೋಲನ್ನು ಒಂದೆರಡು ಗಂಟೆ ಬಿಸಿಲಿಗೆ ಬಿಡಿಸಿಡಿ, ಮಡಿಕೆ ಹೋಗುತ್ತದೆ. ಕೂರಿಸುವುದನ್ನು ಯಾವತ್ತೂ ಮಧ್ಯದ ಗೇರ್‌ಬಾಕ್ಸ್ ಉಬ್ಬಿನಿಂದ ಶುರು ಮಾಡಿ, ಆಮೇಲೆ ಬಾಗಿಲ ಕಡೆಗೆ. ಬಾಗಿಲಿನಿಂದ ಶುರು ಮಾಡಿದರೆ ಉಬ್ಬಿನ ಹತ್ತಿರ ಎರಡಿಂಚು ಸಾಲದೆ ಬರುತ್ತದೆ. ಗೇರ್ ಲಿವರ್‌ಗೆ ಮೊದಲು ಚಿಕ್ಕ ಅಡ್ಡಗೀಟು ಕೊಯ್ದು, ಆಮೇಲೆ ಬೇಕಾದಷ್ಟು ದೊಡ್ಡದು ಮಾಡಿ. ಬೋಲ್ಟ್ ತೂತುಗಳನ್ನು ಬಿಸಿ ಸಾಲ್ಡರಿಂಗ್ ಐರನ್‌ನಲ್ಲಿ ಕರಗಿಸಿ. ಡ್ರಿಲ್ ಇಟ್ಟರೆ ಒಂದೇ ನೂಲು ಸುತ್ತಿಕೊಂಡು ಉದ್ದಕ್ಕೂ ಕಿತ್ತುಬರುತ್ತದೆ. ಸೀಟ್ ಬೋಲ್ಟ್ ಸುತ್ತ ಫೋಮ್, ವಿನೈಲ್ ಎರಡನ್ನೂ ಪೂರ್ತಿ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಅದು ಕುಗ್ಗಿ ಬೋಲ್ಟ್ ಸಡಿಲವಾಗುತ್ತದೆ. ಫೆವಿಕಾಲ್ ಎಸ್‌ಆರ್ 998 ಥರದ ಕಾಂಟ್ಯಾಕ್ಟ್ ಗಮ್ ಅನ್ನು ಉಬ್ಬಿಗೆ ಮತ್ತು ಫೈರ್‌ವಾಲ್‌ನ ಮೇಲಂಚಿಗೆ ಮಾತ್ರ ಎರಡೂ ಮೈಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಬಾಗಿಲು ತೆರೆದಿರಲಿ, ಬೀಡಿ ಸಿಗರೇಟು ದೂರ. ನೆಲಕ್ಕೆ ಗಮ್ ಬೇಡ, ಒದ್ದೆಯಾದರೆ ಎತ್ತಿ ಒಣಗಿಸಬೇಕಲ್ಲ.

ಸೀಟು ಹಾಕುವ ಮುಂಚೆ ಮೂರೂ ಪೆಡಲನ್ನು ತಳದವರೆಗೆ ಒತ್ತಿ ನೋಡಿ. ಆಕ್ಸಿಲರೇಟರ್ ಕಾರ್ಪೆಟ್‌ಗೆ ತಾಗಿದರೂ, ಸಿಕ್ಕಿಕೊಂಡರೂ ಅಲ್ಲಿ ಫೋಮ್ ತೆಗೆಯಿರಿ.

ಗಾಡಿಯಲ್ಲಿ ಗೊಬ್ಬರ, ಅಡಿಕೆ ಹೊಡೆಯುವವರಾದರೆ ಕಾರ್ಪೆಟ್ ಬದಲು ದಪ್ಪ ವಿನೈಲ್ ಫ್ಲೋರಿಂಗ್ ಹಾಕಿಸಿ. ಕೆಳಗಿನ ಪದರಗಳು ಇದೇ ಇದ್ದರೆ ಶಬ್ದದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲ್ಲ, ಕೆಸರನ್ನು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.