ಟಿಕ್ ಟಿಕ್ ಎನ್ನುವ ಟಿವಿ: ಬೋರ್ಡು ಬದಲಿಸುವ ಮೊದಲು 5 ವೋಲ್ಟ್ ಅಳೆಯಿರಿ

ಪ್ರಶ್ನೆ: ನಮ್ಮದು 32 ಇಂಚಿನ ಹಳೆಯ ಎಲ್‌ಸಿಡಿ ಟಿವಿ. ಸ್ವಿಚ್ ಹಾಕಿದರೆ ಕೆಂಪು ದೀಪ ಮಿನುಗುತ್ತದೆ, ಒಳಗಿನಿಂದ ಟಿಕ್ ಟಿಕ್ ಶಬ್ದ ಬರುತ್ತದೆ. ಹತ್ತು ನಿಮಿಷ ಬಿಟ್ಟರೆ ತಾನಾಗಿ ಚಾಲೂ ಆಗುತ್ತದೆ. ಆಟಿಯ ಮಳೆ ಹಿಡಿದ ಮೇಲೆ ಬೆಳಿಗ್ಗೆ ಅರ್ಧ ಗಂಟೆ ಬೇಕು. ಮೆಕ್ಯಾನಿಕ್ ಬಿಚ್ಚಿಯೂ ನೋಡದೆ ‘ಪವರ್ ಬೋರ್ಡು ಹೋಗಿದೆ, ಹೊಸತು ಹಾಕಬೇಕು’ ಎಂದರು. ಹಾಕಿಸಲೇ? – ಬದಿಯಡ್ಕದ ಓದುಗರು

ಉತ್ತರ: ಈಗಲೇ ಬೇಡ. ಮಳೆಗಾಲ ಬಂತೆಂದರೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇದೇ ಪ್ರಶ್ನೆ, ಇದೇ ‘ಬೋರ್ಡು ಹೋಗಿದೆ’ ಎಂಬ ತೀರ್ಪು. ಹಿಂಬದಿಯ ಮುಚ್ಚಳ ತೆಗೆಯದೆ, ಮೀಟರ್ ಹಿಡಿಯದೆ ಹೇಳಿದ ಮಾತಿಗೆ ದುಡ್ಡು ಕೊಡಬೇಡಿ.

ತಡವಾಗಿಯಾದರೂ ಚಾಲೂ ಆಗುತ್ತದೆ ಎಂದರೆ ಬೋರ್ಡು ಸತ್ತಿಲ್ಲ. ಹೆಚ್ಚಾಗಿ ಹೋಗಿರುವುದು 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನಿನ ಕೆಪಾಸಿಟರುಗಳು. ಸಾಮಾನ್ಯವಾಗಿ 1000 ಮೈಕ್ರೋಫ್ಯಾರಡ್, 10 ವೋಲ್ಟಿನವು. ರಿಮೋಟಿನಲ್ಲಿ ಟಿವಿ ಆರಿಸಿದರೂ ಈ ಲೈನು ಹಗಲು ರಾತ್ರಿ ದುಡಿಯುತ್ತದೆ. ವರ್ಷಗಟ್ಟಲೆ ಬಿಸಿ ತಿಂದು ಕೆಪಾಸಿಟರಿನೊಳಗಿನ ದ್ರವ ಒಣಗುತ್ತದೆ, ಅದರ ಆಂತರಿಕ ತಡೆ, ಅಂದರೆ ಇಎಸ್‌ಆರ್, ಏರುತ್ತದೆ. ಆಗ 5 ವೋಲ್ಟ್ ಕುಲುಕಾಡುತ್ತದೆ, ಚಿತ್ರ, ಸ್ವರ ನೋಡಿಕೊಳ್ಳುವ ಮೈನ್ ಬೋರ್ಡು ಎದ್ದು ಎದ್ದು ಬೀಳುತ್ತದೆ, ರಿಲೇ ಟಿಕ್ ಟಿಕ್ ಎನ್ನುತ್ತದೆ. ತಂಪಿನಲ್ಲಿ ಈ ತಡೆ ಇನ್ನೂ ಹೆಚ್ಚು. ಬೋರ್ಡು ಬೆಚ್ಚಗಾದಂತೆ ಇಳಿಯುತ್ತದೆ, ಟಿವಿ ಹತ್ತಿಕೊಳ್ಳುತ್ತದೆ. ಮಳೆಗಾಲದ ಬೆಳಿಗ್ಗೆ ತಡವಾಗುವುದಕ್ಕೆ ಕಾರಣ ಇದು. ಹಾಗೆಂದು ದಿನಾ ಹೇರ್ ಡ್ರೈಯರ್ ಹಿಡಿದು ಚಾಲೂ ಮಾಡುವುದು ರಿಪೇರಿ ಅಲ್ಲ. ರೋಗ ಗುರುತಿಸಲು ಒಮ್ಮೆ ಹಿಡಿದರೆ ಸಾಕು.

ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಆಮೇಲೂ ನಂಬಬೇಡಿ. ಪ್ರೈಮರಿ ಕಡೆಯ, ಅಂದರೆ ಮನೆಯ ಕರೆಂಟ್ ಒಳಬರುವ ಕಡೆಯ, ದೊಡ್ಡ ಕೆಪಾಸಿಟರಿನಲ್ಲಿ (ಮೇಲೆ 400 ಅಥವಾ 450 ವೋಲ್ಟ್ ಎಂದು ಬರೆದಿರುತ್ತದೆ) ಸ್ಟ್ಯಾಂಡ್‌ಬೈಯಲ್ಲಿ ಸುಮಾರು 325, ಪಿಎಫ್‌ಸಿ (ಒಳಬರುವ ಕರೆಂಟನ್ನು ಹದಗೊಳಿಸಿ ವೋಲ್ಟೇಜ್ ಏರಿಸುವ ಸರ್ಕಿಟ್) ಇರುವ ಸೆಟ್ ಓಡುವಾಗ 380ರಿಂದ 400 ವೋಲ್ಟ್ ಡಿಸಿ ನಿಂತಿರುತ್ತದೆ. ಇದು ಜೀವ ತೆಗೆಯುವ ವೋಲ್ಟೇಜ್. 2.2 ಕಿಲೋ ಓಮ್, 10 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ವಯರ್ ಬೆಸೆದು ಎರಡೂ ಕಾಲಿಗೆ ಹತ್ತು ಸೆಕೆಂಡು ಹಿಡಿಯಿರಿ, ಮೀಟರಿನಲ್ಲಿ ಅಳೆದು 10 ವೋಲ್ಟಿಗಿಂತ ಕೆಳಗೆ ಬಂದಿದೆಯೇ ನೋಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವವರನ್ನು ಮನೆಯೊಳಗೆ ಸೇರಿಸಬೇಡಿ. ಆ ಕಿಡಿ ಕೆಪಾಸಿಟರನ್ನೂ ಕೆಡಿಸುತ್ತದೆ, ಕೆಲವೊಮ್ಮೆ ಐಸಿಯನ್ನೂ.

ಇನ್ನು ಸೆಕೆಂಡರಿ ಕಡೆ, ಅಂದರೆ 5, 12, 24 ವೋಲ್ಟ್ ಹೊರಬರುವ ಕಡೆ, ನೋಡಿ. ಕೆಪಾಸಿಟರಿನ ತಲೆ ಚಪ್ಪಟೆಯಾಗಿಯೇ ಇರಬೇಕು, ಸ್ವಲ್ಪ ಉಬ್ಬಿದ್ದರೂ ಕೆಟ್ಟಂತೆಯೇ. ಬುಡದಲ್ಲಿ ಕಂದು ಬಣ್ಣದ ಅಂಟು ಕಂಡರೆ ಸೋರಿಕೆ ಎಂದು ಗಾಬರಿ ಬೇಡ, ಅದು ಕಂಪೆನಿಯವರೇ ಹಾಕಿದ ಗೋಂದು ಇರಬಹುದು. ಆದರೆ ಹಳತಾಗಿ ಕಪ್ಪಾದ ಗೋಂದು ಕರೆಂಟ್ ಹರಿಯಲು ಬಿಡುತ್ತದೆ, ಕೆರೆದು ತೆಗೆಯಿರಿ.

ಉಬ್ಬಿದ್ದನ್ನು ಮಾತ್ರ ಬದಲಿಸಿ ಪಕ್ಕದ್ದನ್ನು ಬಿಡುವುದು ಅರ್ಧ ಕೆಲಸ. ಒಂದೇ ಲೈನಿನ ಎಲ್ಲವನ್ನೂ ಬದಲಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ 10ರ ಬದಲು 16 ಹಾಕಿ. ಕವಚದ ಮೇಲೆ 105 ಡಿಗ್ರಿ ಎಂದಿರಬೇಕು, ಅಂಗಡಿಯಲ್ಲಿ ‘ಲೋ ಇಎಸ್‌ಆರ್’ ಎಂದೇ ಕೇಳಬೇಕು. 85 ಡಿಗ್ರಿಯದ್ದು ಕೊಟ್ಟರೆ ವಾಪಸ್ ಕೊಡಿ. ನೆರೆಯ ಕಣ್ಣೂರಿನ ಕೆಲ್ಟ್ರಾನ್ ಆಗಲಿ, ಜಪಾನಿನ ನಿಚಿಕಾನ್, ರುಬಿಕಾನ್ ಆಗಲಿ, ಕಂಪೆನಿಯ ಹೆಸರಿಗಿಂತ ಮೊದಲು ಕವಚದ ಮೇಲಿನ ಬರಹ ಓದಿ. ಹಳೆ ಬೋರ್ಡಿನಿಂದ ಕಿತ್ತ ಕೆಪಾಸಿಟರ್ ಬೇಡವೇ ಬೇಡ. ಎಲ್ಲ ಸೇರಿ ಖರ್ಚು ಚಾ ತಿಂಡಿಯಷ್ಟು.

ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಕೆಪಾಸಿಟರಿನ ಮೇಲಿನ ಪಟ್ಟಿ ಮೈನಸ್. ಬೋರ್ಡಿನ ಗುರುತು ಮಾತ್ರ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ತಿರುಗಿಸಿ ಹಾಕಿದರೆ ಸಿಡಿಯುತ್ತದೆ. ಬೋರ್ಡಿನಲ್ಲಿರುವುದು ಸೀಸವಿಲ್ಲದ ಬೆಸುಗೆ, ಸುಲಭಕ್ಕೆ ಕರಗದು. ಮೊದಲು ಅದರ ಮೇಲೆ ಸೀಸವಿರುವ 60/40 ಸೋಲ್ಡರನ್ನು ಸ್ವಲ್ಪ ಕರಗಿಸಿ, ಆಮೇಲೆ ಪಂಪಿನಿಂದ ಎಳೆಯಿರಿ. ಜಗ್ಗಾಡಿದರೆ ತಾಮ್ರದ ಟ್ರ್ಯಾಕ್ ಎದ್ದು ಬರುತ್ತದೆ. ಉಪ್ಪುಗಾಳಿಯ ಉಪ್ಪಳ, ಕುಂಬಳೆ ಕಡೆಯವರು ಕನೆಕ್ಟರ್ ಪಿನ್ನುಗಳ ಹಸಿರು ಕಿಲುಬನ್ನೂ ಒರೆಸಬೇಕು.

ಮತ್ತೆ ಕರೆಂಟ್ ಕೊಟ್ಟು ಅಳೆಯಿರಿ. ಸೆಕೆಂಡರಿ ಅಳೆಯುವಾಗ ಕಪ್ಪು ವಯರ್ ಚಾಸಿಗೆ, ಪ್ರೈಮರಿ ಅಳೆಯುವಾಗ ದೊಡ್ಡ ಕೆಪಾಸಿಟರಿನ ಮೈನಸ್ಸಿಗೆ. ಎರಡು ಗ್ರೌಂಡ್ ಬೇರೆ ಬೇರೆ, ಇದನ್ನು ಕಲಸಿದರೆ ಓದಿದ್ದೆಲ್ಲ ಸುಳ್ಳು. ಸ್ಟ್ಯಾಂಡ್‌ಬೈ 5 ವೋಲ್ಟ್ ಗಟ್ಟಿಯಾಗಿ ನಿಲ್ಲಬೇಕು. ರಿಮೋಟ್ ಒತ್ತಿದಾಗ 4.5ಕ್ಕೆ ಕುಸಿದರೆ ದೋಷ ಇನ್ನೂ ಉಂಟು. 5 ಸರಿ ಇದ್ದರೆ ಕನೆಕ್ಟರಿನಲ್ಲಿ ‘ಪಿಎಸ್-ಆನ್’ ಎಂದು ಅಚ್ಚಾದ ಪಿನ್ ನೋಡಿ. ಚಾಲೂ ಆಗು ಎಂದು ಮೈನ್ ಬೋರ್ಡು ಪವರ್ ಬೋರ್ಡಿಗೆ ಹೇಳುವುದು ಇದರಲ್ಲೇ. ರಿಮೋಟ್ ಒತ್ತಿದಾಗ ಅಲ್ಲಿ ವೋಲ್ಟೇಜ್ ಏರಬೇಕು (ಕೆಲವು ಸೆಟ್ಟುಗಳಲ್ಲಿ ಇಳಿಯಬೇಕು). ಅದು ಬದಲಾದರೂ 12 ಮತ್ತು 24 ವೋಲ್ಟ್ ಬಾರದಿದ್ದರೆ ತಪ್ಪು ಹೆಚ್ಚಾಗಿ ಪವರ್ ಬೋರ್ಡಿನದು. ಅದು ಬದಲಾಗಲೇ ಇಲ್ಲವೆಂದರೆ ಮೈನ್ ಬೋರ್ಡಿನ ಕಡೆ ಹುಡುಕಬೇಕು, ಹೊಸ ಪವರ್ ಬೋರ್ಡು ಹಾಕಿದರೂ ಟಿವಿ ಏಳದು.

ಒಂದೂ ಉಬ್ಬಿಲ್ಲ, 5 ವೋಲ್ಟೇ ಬರುತ್ತಿಲ್ಲ ಎಂದಾದರೆ ಪ್ರೈಮರಿಯ ಸ್ವಿಚಿಂಗ್ ಐಸಿಯ ಪಕ್ಕದ ಸಣ್ಣ ಕೆಪಾಸಿಟರ್ (22 ಅಥವಾ 47 ಮೈಕ್ರೋಫ್ಯಾರಡ್, 50 ವೋಲ್ಟ್) ನೋಡಿಸಿ. ಇದು ಉಬ್ಬದೆಯೇ ಒಣಗುತ್ತದೆ. ಆದರೆ ಆ ಭಾಗಕ್ಕೆ ಅಭ್ಯಾಸವಿಲ್ಲದವರು ಕೈ ಹಾಕಬಾರದು. ನನ್ನ ಈ ಮಾತಿಗೆ ವಿನಾಯಿತಿ ಇಲ್ಲ.

ಪ್ರಶ್ನೆ: ಫ್ಯೂಸ್ ಹಾಕಿದ ಕೂಡಲೇ ಸುಡುತ್ತದೆ. ತಾಮ್ರದ ಎಳೆ ಕಟ್ಟಬಹುದೇ? – ಹೊಸಂಗಡಿ

ಮನೆ ಸುಡುವ ಕೆಲಸ, ಖಂಡಿತ ಬೇಡ. ಗಾಜಿನ ಒಳಗೆ ಕಪ್ಪಾಗಿದ್ದರೆ ಮುಂದೆ ಶಾರ್ಟ್ ಇದೆ: ವೇರಿಸ್ಟರ್, ಬ್ರಿಡ್ಜ್ ಡಯೋಡ್ ಅಥವಾ ಮಾಸ್‌ಫೆಟ್. ಅದನ್ನು ಸರಿಪಡಿಸಿದ ಮೇಲೂ ಮೊದಲ ಸಲ 100 ವ್ಯಾಟಿನ ತಂತಿ ಬಲ್ಬನ್ನು ಸೀರೀಸ್ ಇಟ್ಟೇ ಕರೆಂಟ್ ಕೊಡಲಿ. ಬಲ್ಬ್ ಒಮ್ಮೆ ಮಿಂಚಿ ಮಂಕಾಗಬೇಕು. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಉಳಿದಿದೆ.

ಪ್ರಶ್ನೆ: ಯೂನಿವರ್ಸಲ್ ಮಾಡ್ಯೂಲ್ ಹಾಕಿ ಕೊಡುತ್ತೇನೆ ಎನ್ನುತ್ತಾರೆ. – ಪೆರ್ಲ

ಮೂಲ ಐಸಿ ಕಿತ್ತು ಐದು ವಯರಿನ ಮಾಡ್ಯೂಲ್ ತುರುಕುವುದು ದೋಷ ಹುಡುಕಲು ಬಾರದವರ ದಾರಿ. ಹೊರಬರುವ ವೋಲ್ಟ್ ಎಷ್ಟೆಂದು ಮಾಡ್ಯೂಲಿಗೆ ತಿಳಿಸುವ ಫೀಡ್‌ಬ್ಯಾಕ್ ವಯರ್ ತಪ್ಪಿದರೆ ವೋಲ್ಟೇಜ್ ಹತೋಟಿ ಮೀರಿ ಮೈನ್ ಬೋರ್ಡನ್ನೂ ಒಯ್ಯುತ್ತದೆ.

ಪ್ರಶ್ನೆ: ಸ್ವರ ಇದೆ, ಚಿತ್ರ ಇಲ್ಲ. – ಕುಂಬಳೆ

ಕತ್ತಲೆಯಲ್ಲಿ ಪರದೆಗೆ ಟಾರ್ಚ್ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟಿನ ದೋಷ.

ಪ್ರಶ್ನೆ: ಸಿಡಿಲಿಗೆ ಸ್ಟೆಬಿಲೈಸರ್ ಸಾಕೇ? – ಸೀತಾಂಗೋಳಿ

ಸಾಲದು. ತುಲಾ ತಿಂಗಳ ಸಂಜೆ ಗುಡುಗು ಕೇಳುವ ಮೊದಲೇ ಪ್ಲಗ್ಗನ್ನೂ ಕೇಬಲ್ ವಯರನ್ನೂ ಕಿತ್ತಿಡಿ.

ಪ್ರಶ್ನೆ: ಪ್ಲಾಸ್ಮಾ ಟಿವಿಯನ್ನು ನಾನೇ ಬಿಚ್ಚಬಹುದೇ? – ಕಾಸರಗೋಡು

ಬೇಡ. ಅದರ ಸೆಕೆಂಡರಿ ಕಡೆಯಲ್ಲೇ 200 ವೋಲ್ಟಿನ ಆಸುಪಾಸು ಇರುತ್ತದೆ.