ಎಫ್-150ಗೆ ಲೆವೆಲಿಂಗ್ ಕಿಟ್ ಮನೆಯಲ್ಲೇ ಹಾಕಬಹುದಾ?

ನೀವು ಕೇಳಿದ್ದು ಇಷ್ಟು: ಡಲ್ಲಾಸ್‌ನಲ್ಲಿ ಇದ್ದೀರಿ, 2018ರ ಫೋರ್ಡ್ ಎಫ್-150 ಫೋರ್ ವೀಲ್ ಡ್ರೈವ್ ಇದೆ, ಮೂಗು ಕೆಳಗೆ ಬಾಗಿದ ಹಾಗೆ ಕಾಣುತ್ತೆ, ಗೆಳೆಯರು ಮುಂಭಾಗ ಎತ್ತಿ ಗಾಡಿ ಸಮ ಮಾಡುವ ಎರಡೂವರೆ ಇಂಚಿನ ಲೆವೆಲಿಂಗ್ ಕಿಟ್ ಹಾಕು ಅಂತ ಹೇಳುತ್ತಿದ್ದಾರೆ, ಬೇಸಿಗೆಯಲ್ಲಿ ಕ್ಯಾಂಪರ್ (ಒಳಗೆ ಮಲಗಬಹುದಾದ ಟ್ರೇಲರ್) ಎಳೆಯುತ್ತೀರಿ. ಗರಾಜ್‌ನಲ್ಲಿ ನೀವೇ ಮಾಡಬಹುದಾ ಅಂತ.

ಮಾಡಬಹುದು. ಬ್ರೇಕ್ ಪ್ಯಾಡ್ ಬದಲಿಸುವಷ್ಟು ಕೈ ಪಳಗಿದ್ದರೆ, ಜೊತೆಗೆ ಇನ್ನೊಬ್ಬರು ಇದ್ದರೆ, ಒಂದು ಶನಿವಾರ ಪೂರ್ತಿ ಇಟ್ಟುಕೊಳ್ಳಿ. ಆದರೆ ಎರಡೂವರೆ ಇಂಚು ಬೇಡ. ಕಿಟ್ ಆರಿಸುವಾಗ ಪೆಟ್ಟಿಗೆ ಮೇಲಿನ ನಂಬರ್ ನೋಡಬೇಡಿ, ನಿಮ್ಮ ಟ್ರಕ್ ಅಳೆದು ನೋಡಿ. ನಾನು ಹೇಳಬೇಕಾದ ಮುಖ್ಯ ಮಾತು ಅದೇ.

ಕಾರಣ ಹೇಳುತ್ತೇನೆ. ಪಿಕಪ್‌ನ ಹಿಂಭಾಗ ಎತ್ತರ ಇರುವುದು ತಯಾರಿಸಿದವರ ತಪ್ಪಲ್ಲ. ಹಿಂದೆ ಲೋಡ್ ಹಾಕಿದಾಗ ಲೀಫ್ ಸ್ಪ್ರಿಂಗ್ ಕುಗ್ಗಿ ಗಾಡಿ ಸಮ ಆಗಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಕ್ಯಾಂಪರ್‌ನ ತೂಕದಲ್ಲಿ ಸುಮಾರು 10ರಿಂದ 15 ಪರ್ಸೆಂಟ್ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತೆ. ಖಾಲಿ ಇದ್ದಾಗಲೇ ಪೂರ್ತಿ ಸಮ ಮಾಡಿಬಿಟ್ಟರೆ, ಕ್ಯಾಂಪರ್ ಕಟ್ಟಿದ ತಕ್ಷಣ ಮೂಗು ಆಕಾಶ ನೋಡುತ್ತೆ, ಮುಂದಿನ ಟೈರ್ ಮೇಲಿನ ಭಾರ ಕಮ್ಮಿಯಾಗುತ್ತೆ, ಸ್ಟೇರಿಂಗ್ ಹಗುರ ಆಗುತ್ತೆ. ನಾರ್ತ್ ಕ್ಯಾರೊಲಿನಾದಲ್ಲಿ ಮುಂದಿನ ಫೆಂಡರ್ (ಚಕ್ರದ ಮೇಲಿನ ಬಾಡಿ ಭಾಗ) ಹಿಂದಿನದಕ್ಕಿಂತ 4 ಇಂಚು ಅಥವಾ ಜಾಸ್ತಿ ಎತ್ತರ ಆಗುವ ಹಾಗೆ ಗಾಡಿ ಬದಲಿಸಿ ಓಡಿಸುವುದನ್ನು 2021ರಲ್ಲಿ ಕಾನೂನು ಮಾಡಿ ನಿಲ್ಲಿಸಿದರು. ನಿಮ್ಮದು ಅಷ್ಟು ದೂರ ಹೋಗಲ್ಲ, ಆದರೂ ಹೈವೇಯಲ್ಲಿ ಮೂಗು ಎತ್ತಿಕೊಂಡು ಟ್ರೇಲರ್ ಎಳೆಯುವುದು ಒಳ್ಳೆಯದಲ್ಲ.

ಸಮತಟ್ಟಾದ ನೆಲದಲ್ಲಿ, ಟ್ಯಾಂಕ್ ತುಂಬಿಸಿ, ಹಿಂದೆ ಏನೂ ಇಲ್ಲದೆ ಗಾಡಿ ನಿಲ್ಲಿಸಿ. ನೆಲದಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಚಕ್ರದ ಹತ್ತಿರ ಅಳೆಯಿರಿ. ವೀಲ್ ಹಬ್‌ನ ಮಧ್ಯದಿಂದ ಫೆಂಡರ್ ಅಂಚಿಗೂ ಅಳೆದು ಬರೆದಿಡಿ, ಕೆಲಸ ಮುಗಿದ ಮೇಲೆ ಎಷ್ಟು ಎದ್ದಿದೆ ಅಂತ ತಿಳಿಯುವುದು ಅದರಿಂದಲೇ. ಕ್ಯಾಬ್, ಇಂಜಿನ್, ಟೈರ್ ಬೇರೆಯಾದರೆ ಒಂದೇ ಮಾಡೆಲ್‌ನಲ್ಲೂ ಈ ಅಳತೆ ಬದಲಾಗುತ್ತೆ. ಹಿಂದೆ-ಮುಂದೆ ಎಷ್ಟು ವ್ಯತ್ಯಾಸ ಬರುತ್ತೋ ಅದರಲ್ಲಿ ಅರ್ಧ ಇಂಚಾದರೂ ಬಿಟ್ಟು ಉಳಿದಷ್ಟು ಮಾತ್ರ ಎತ್ತಿ. ಕ್ಯಾಂಪರ್ ಭಾರ ಇದ್ದರೆ ಒಂದು ಇಂಚು ಬಿಡಿ.

ಕಿಟ್‌ನಲ್ಲಿ ನಿಮಗೆ ಮೂರು ದಾರಿ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಜೋಡಣೆ) ತಲೆಯ ಮೇಲೆ ಕೂರುವ ಸ್ಪೇಸರ್ ಅಂದರೆ ದಪ್ಪ ಬಿಲ್ಲೆ, ಸ್ಟ್ರಟ್ ಒಳಗೆ ಸ್ಪ್ರಿಂಗ್ ಮೇಲೆ ಸೇರಿಸಿ ಅದನ್ನು ಇನ್ನಷ್ಟು ಬಿಗಿ ಮಾಡುವ ಸ್ಪೇಸರ್, ಇಲ್ಲಾಂದ್ರೆ ಎತ್ತರ ಹೊಂದಿಸಬಹುದಾದ ಬಿಲ್‌ಸ್ಟೀನ್ 5100 ಥರದ ಹೊಸ ಶಾಕ್. ಎರಡನೆಯದಕ್ಕೂ ಮೂರನೆಯದಕ್ಕೂ ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಬೇಕು. ದಯವಿಟ್ಟು ಬಾಡಿಗೆ ಕಂಪ್ರೆಸರ್ ತಂದು ಮೊದಲ ಸಲ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಒತ್ತಿದ ಟ್ರಕ್ ಸ್ಪ್ರಿಂಗ್ ಜಾರಿದರೆ ಕೈ ಮುಖ ಉಳಿಯಲ್ಲ. ಬಿಲ್‌ಸ್ಟೀನ್ ಬೇಕೇ ಬೇಕು ಅಂದರೆ ಸ್ಟ್ರಟ್ ಬಿಚ್ಚಿ ಅಂಗಡಿಗೆ ಒಯ್ದು ನಿಮ್ಮ ಸ್ಪ್ರಿಂಗನ್ನು ಹೊಸ ಶಾಕ್‌ಗೆ ಹಾಕಿಸಿಕೊಂಡು ಬನ್ನಿ. ಓಡಿಸಲು ನನಗೆ ಇಷ್ಟ ಅದೇ. ಮನೆಯಲ್ಲೇ ಮುಗಿಯಬೇಕು ಅಂದರೆ ಮೇಲೆ ಕೂರುವ ಸ್ಪೇಸರ್ ತಗೊಳ್ಳಿ. ಅದು ಸ್ಪ್ರಿಂಗ್ ಮುಟ್ಟಲ್ಲ, ಹಾಗಾಗಿ ಓಡುವ ಮೆತ್ತಗಿನ ಗುಣ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಒಂದು ಇಂಚು ದಪ್ಪದ ಸ್ಪೇಸರ್ ಮೇಲೆ "2 ಇಂಚು" ಅಂತ ಬರೆದಿದ್ದರೆ ಮೋಸ ಅಂದುಕೊಳ್ಳಬೇಡಿ. ಸ್ಟ್ರಟ್ ಕೂರುವುದು ಕೆಳಗಿನ ಆರ್ಮ್‌ನ (ಚಕ್ರವನ್ನು ಫ್ರೇಮ್‌ಗೆ ಜೋಡಿಸುವ ತೋಳಿನ) ನಡುವೆ, ಚಕ್ರ ಇರುವುದು ತುದಿಯಲ್ಲಿ, ಹಾಗಾಗಿ ಚಕ್ರದ ಹತ್ತಿರ ಸುಮಾರು ಎರಡರಷ್ಟು ಎತ್ತರ ಸಿಗುತ್ತೆ. ಆದರೆ ಇದರಲ್ಲಿ ಚಕ್ರ ಮೊದಲಿಗಿಂತ ಕೆಳಗೆ ಜೋಲುತ್ತೆ, ಮೇಲಿನ ಬಾಲ್ ಜಾಯಿಂಟ್ (ಆರ್ಮ್ ತುದಿಯ ತಿರುಗುವ ಕೀಲು), ಸಿವಿ ಆಕ್ಸಲ್ (ಚಕ್ರ ತಿರುಗಿಸುವ ದಂಡ) ಎರಡೂ ಜಾಸ್ತಿ ಓರೆಯಾಗುತ್ತವೆ. ಎರಡೂವರೆ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ಕೆಲಸ. ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ ಇಡಿ, ವೀಲ್ ನಟ್ ನೆಲದ ಮೇಲಿದ್ದಾಗಲೇ ಸಡಿಲಿಸಿ, ಜ್ಯಾಕ್ ಸ್ಟ್ಯಾಂಡ್‌ಗಳನ್ನು ಫ್ರೇಮ್ ಕೆಳಗೆ ಕೊಡಿ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಕೈ ಹಾಕಬೇಡಿ. ಮುಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿ, ಒಂದೇ ಕಡೆ ಎತ್ತಿದರೆ ಸ್ವೇ ಬಾರ್ (ಎಡ-ಬಲ ಚಕ್ರಗಳನ್ನು ಜೋಡಿಸುವ ಸಲಾಕೆ) ಎಳೆದು ಹಿಡಿದು ಲಿಂಕ್ ಬಿಚ್ಚಲು ಕಷ್ಟ ಕೊಡುತ್ತೆ. ಸ್ವೇ ಬಾರ್ ಲಿಂಕ್, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್‌ನ ಕ್ಲಿಪ್, ಟೈ ರಾಡ್ (ಸ್ಟೇರಿಂಗ್‌ನಿಂದ ಚಕ್ರಕ್ಕೆ ಬರುವ ಸಲಾಕೆ), ಆಮೇಲೆ ಮೇಲಿನ ಬಾಲ್ ಜಾಯಿಂಟ್ ಬಿಚ್ಚಿ. ಬಾಲ್ ಜಾಯಿಂಟ್ ನಟ್ ಪೂರ್ತಿ ತೆಗೆಯಬೇಡಿ, ಕೆಲವು ಸುತ್ತು ಉಳಿಸಿ, ಚಕ್ರ ಕೂರುವ ಲೋಹದ ಭಾಗವಾದ ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆಯಿರಿ, ಟಪ್ ಅಂತ ಬಿಡುತ್ತೆ. ಸ್ಟಡ್‌ನ ತಲೆಗೆ ಹೊಡೆದರೆ ಥ್ರೆಡ್ ಹಾಳು.

ಇಲ್ಲಿ ನಿಮ್ಮ ಜೊತೆಗಾರರ ಕೆಲಸ ಶುರು. ಬಾಲ್ ಜಾಯಿಂಟ್ ಬಿಟ್ಟ ಕೂಡಲೇ ನಕಲ್ ಹೊರಕ್ಕೆ ವಾಲಿ ಸಿವಿ ಆಕ್ಸಲ್ ಎಳೆಯುತ್ತೆ, ಒಳಗಿನ ಜಾಯಿಂಟ್ ಬಿಟ್ಟುಕೊಂಡು ರಬ್ಬರ್ ಬೂಟ್ ಹರಿಯಬಹುದು. ಅವರು ನಕಲ್ ಹಿಡಿದುಕೊಳ್ಳಲಿ, ಅಥವಾ ಗಟ್ಟಿ ಹಗ್ಗದಿಂದ ಕಟ್ಟಿ. ಬ್ರೇಕ್ ಹೋಸ್ ಮೇಲೆ ಭಾರ ಬಿಡಲೇಬೇಡಿ. ಸ್ಟ್ರಟ್‌ನ ಕೆಳಗಿನ ಎರಡು ನಟ್ ತೆಗೆದು, ಕೊನೆಗೆ ಮೇಲಿನ ಮೂರು ತೆಗೆಯಿರಿ. ಅಲ್ಲೇ ಮಧ್ಯದಲ್ಲಿ ಒಂದು ದೊಡ್ಡ ನಟ್ ಕಾಣುತ್ತೆ, ಸ್ಪ್ರಿಂಗ್ ಹಿಡಿದಿಟ್ಟಿರುವುದು ಅದೇ. ಅದನ್ನು ಮುಟ್ಟಬೇಡಿ.

ಸ್ಪೇಸರ್ ಕೂರಿಸಿ ವಾಪಸ್ ಜೋಡಿಸುವುದು ಸುಲಭ, ಕೆಳಗಿನ ಆರ್ಮ್ ಒತ್ತಲು ಉದ್ದದ ಪ್ರೈ ಬಾರ್ ಸಾಕು. ಪ್ರತಿ ನಟ್‌ಗೂ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುವ ಟಾರ್ಕ್ (ಬಿಗಿಯುವ ಬಲ) ಕೊಡಿ, ಅಂದಾಜು ಬೇಡ. ವೀಲ್ ನಟ್‌ಗೆ ನಿಮ್ಮ ಗಾಡಿಯಲ್ಲಿ 150 ಫುಟ್-ಪೌಂಡ್. ಕಂಟ್ರೋಲ್ ಆರ್ಮ್‌ನ ಬುಶ್ ಬೋಲ್ಟ್ ಏನಾದರೂ ಸಡಿಲಿಸಿದ್ದರೆ, ಚಕ್ರ ನೆಲಕ್ಕೆ ಬಂದು ಗಾಡಿಯ ಭಾರ ಕೂತ ಮೇಲೆಯೇ ಅದನ್ನು ಬಿಗಿ ಮಾಡಿ. ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ವೀಲ್ ಅಲೈನ್‌ಮೆಂಟ್‌ಗೆ ಮುಂಚೆಯೇ ಅಪಾಯಿಂಟ್‌ಮೆಂಟ್ ತಗೊಂಡಿರಿ, ಗರಾಜ್‌ನಿಂದ ನೇರ ಅಲ್ಲಿಗೇ ಹೋಗಿ. ಮುಂಭಾಗ ಎದ್ದರೆ ಚಕ್ರದ ಕೋನಗಳಾದ ಕ್ಯಾಂಬರ್, ಕ್ಯಾಸ್ಟರ್, ಟೋ ಮೂರೂ ಬದಲಾಗುತ್ತವೆ, ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೆಟ್ಟರೆ ಟೈರ್ ಬಲು ಬೇಗ ಸವೆಯುತ್ತೆ. ಹೆಡ್‌ಲೈಟ್ ಅದೇ ಸಂಜೆ ಇಳಿಸಿ, ಎದುರಿನವರ ಕಣ್ಣಿಗೆ ಹೊಡೆಯುತ್ತೆ ಅಲ್ವಾ. ಅಡಾಪ್ಟಿವ್ ಕ್ರೂಸ್ ಅಥವಾ ಲೇನ್ ಕ್ಯಾಮೆರಾ ಇದ್ದರೆ ಅದನ್ನೂ ಪರೀಕ್ಷೆ ಮಾಡಿಸಿ.

ವಾರಂಟಿ ಹೋಗುತ್ತೆ ಅಂತ ಯಾರಾದರೂ ಹೆದರಿಸಬಹುದು. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಪ್ರಕಾರ ಹೊರಗಿನ ಭಾಗ ಹಾಕಿದ್ದೀರಿ ಅಂತ ಸುಮ್ನೆ ಇಡೀ ವಾರಂಟಿ ಕಿತ್ತುಹಾಕುವ ಹಾಗಿಲ್ಲ. ಆ ಭಾಗದಿಂದಲೇ ಹಾಳಾಯಿತು ಅಂದರೆ ಆ ರಿಪೇರಿ ಮಾತ್ರ ನಿರಾಕರಿಸಬಹುದು.

ನೂರಿನ್ನೂರು ಮೈಲಿ ಓಡಿಸಿದ ಮೇಲೆ ಎಲ್ಲ ನಟ್‌ಗೂ ಮತ್ತೆ ಟಾರ್ಕ್ ರೆಂಚ್ ಹಾಕಿ ನೋಡಿ. ಗುಂಡಿಯಲ್ಲಿ ಟಕ್ ಟಕ್ ಸದ್ದು ಬಂದರೆ ಮೊದಲು ಸ್ವೇ ಬಾರ್ ಲಿಂಕ್ ನೋಡಿ, ಆಮೇಲೆ ಸ್ಟ್ರಟ್ ಮೇಲಿನ ನಟ್‌ಗಳು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕಟಕಟ ಅಂದರೆ ಅದು ಸಿವಿ ಆಕ್ಸಲ್ ಇರಬಹುದು, ಕ್ಯಾಂಪರ್ ಕಟ್ಟುವ ಮೊದಲೇ ತೋರಿಸಿ.